ಆರಾಮ ಇದ್ದೀ ಏನವಾ?

ದಾನೇಶ್ವರಿಯ ಬಲಭುಜ ದಿನಾ ಬೆಳಿಗ್ಗೆ ಅವಳನ್ನು ಮಾತಾಡಿಸುತ್ತಿತ್ತು.

"ಆರಾಮ ಇದ್ದೀ ಏನವಾ?"

ವಯಸ್ಸಾದ ಹೆಂಗಸಿನ ದನಿ. ಅಡುಗೆಮನೆಯ ಬಾಗಿಲಿಗೆ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದ ಹಾಗೆ. ದನಿ ಬರುತ್ತಿದ್ದುದು ಅವಳು ತೊಟ್ಟಿದ್ದ ಬಟ್ಟೆಯೊಳಗಿನಿಂದ. ಕುತ್ತಿಗೆಯ ಬುಡದಿಂದ ಮೊಣಕೈವರೆಗೆ ಚರ್ಮಕ್ಕೆ ಅಂಟಿಕೊಂಡು ಕೂತಿದ್ದ, ಒಂದೇ ತೋಳಿನ ಕಪ್ಪು ಬಟ್ಟೆ ಅದು.

"ಆರಾಮ್ರಿ," ಎಂದಳು ದಾನೇಶ್ವರಿ.

ಬಟ್ಟೆಯ ಅಂಚಿನಲ್ಲಿದ್ದ ಸಣ್ಣ ಗೆರೆ ಹಸಿರಾಯಿತು. ಆ ಹೊತ್ತಿಗೆ ಅವಳು ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಹಿಂದೆ ನಿಂತು ಅವ್ವ ಕಾಳಮ್ಮ ಜಡೆ ಹಾಕುತ್ತಿದ್ದಳು. ಬೆಳಿಗ್ಗೆ ಎದ್ದಾಗ ಮಗಳ ಕೈ ಕಿವಿಯಿಂದ ಮೇಲಕ್ಕೆ ಹೋಗುವುದು ನಿಂತ ಮೇಲೆ ಜಡೆಯ ಕೆಲಸ ಮತ್ತೆ ಅವ್ವನ ಪಾಲಿಗೆ ಬಂದಿತ್ತು, ಚಿಕ್ಕಂದಿನಲ್ಲಿ ಇದ್ದ ಹಾಗೆ.

ಧಾರವಾಡದ ಈಜುಕೊಳದ ಹಿಂದೆ ಇದ್ದ ಚಿಕಿತ್ಸಾ ಕೇಂದ್ರದವರು ಆ ಬಟ್ಟೆಗೆ ಉದ್ದನೆಯ ಹೆಸರೊಂದನ್ನು ಇಟ್ಟಿದ್ದರು. ಈಜುವ ಹುಡುಗ ಹುಡುಗಿಯರು ಅದನ್ನು ಕುಬಸ, ಅಂದರೆ ರವಿಕೆ, ಎಂದು ಕರೆದರು, ಆ ಹೆಸರೇ ಉಳಿಯಿತು. ಇದರಿಂದ ಒಮ್ಮೆ ಫಜೀತಿಯೂ ಆಗಿತ್ತು. ಕಾಳಮ್ಮ ನಳದ ಹತ್ತಿರ, "ನಮ್ಮ ದಾನೂಗ ನಿನ್ನೆ ಕುಬಸ ಹಾಕಿದ್ರು" ಎಂದಳು. ಎದುರು ಮನೆಯ ಗಂಗವ್ವ ಆಯಿ ತುಂಬಿದ ಕೊಡವನ್ನು ಕೆಳಗಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡಳು. ಆ ಕಡೆ ಕುಬಸ ಮಾಡುವುದು ಬಸುರಿಗೆ.

"ಯವ್ವಾ, ಲಗ್ನ ಯಾವಾಗ ಮಾಡಿದ್ರಿ? ನನಗ ಒಂದ್ ಮಾತ್ ಹೇಳಲಿಲ್ಲಲ್ಲ!"

"ಅಯ್ಯ, ಅದಲ್ಲ ಆಯಿ! ತೋಳಿಗೆ. ದವಾಖಾನಿ ಕುಬಸ."

ಈ ಕುಬಸದ ಕೆಲಸ ಹೀಗೆ. ಭುಜವೆಂದರೆ ತೀರಾ ತೆಳ್ಳನೆಯ ಬಟ್ಟಲಿನಲ್ಲಿ ಕೂರಿಸಿದ ಗುಂಡು. ಬೀಳದಂತೆ ಅದನ್ನು ಹಿಡಿದಿರುವುದು ಸುತ್ತಲಿನ ಪುಟ್ಟ ಸ್ನಾಯುಗಳು. ಈಜುವವರು ದಿನಕ್ಕೆ ಸಾವಿರಾರು ಸಲ ಕೈ ಬೀಸುತ್ತಾರೆ. ದೊಡ್ಡ ಸ್ನಾಯುಗಳು ಇನ್ನಷ್ಟು ಬೆಳೆಯುತ್ತವೆ, ಪುಟ್ಟವು ದಣಿದು ತಡವಾಗಿ ಏಳುತ್ತವೆ. ಆಗ ಗುಂಡು ಜಾಗ ಬಿಟ್ಟು ಮೇಲೆ ಸರಿಯುತ್ತದೆ. ಅದರ ಮೇಲೆ ಹಾದುಹೋಗುವ, ಸ್ನಾಯುವನ್ನು ಎಲುಬಿಗೆ ಕಟ್ಟಿದ ರಜ್ಜು ನಡುವೆ ಸಿಕ್ಕಿ ಉಜ್ಜುತ್ತದೆ. ಕುಬಸದೊಳಗೆ ಕೂದಲಿಗಿಂತ ಸಣ್ಣ ಎಳೆಗಳಿದ್ದವು. ಯಾವ ಸ್ನಾಯು ತಡವಾಯಿತೆಂದು ಅವು ತಿಳಿದುಕೊಂಡು, ಮಲಗಿದವರನ್ನು ಮುಟ್ಟಿ ಎಬ್ಬಿಸುವ ಹಾಗೆ ಒಂದು ಸಣ್ಣ ಮಿಂಚು ಕೊಡುತ್ತಿದ್ದವು. ಭಾರ ಅತಿಯಾದರೆ ಇಡೀ ತೋಳು ಬಿಗಿದು, ಸಾಕು ನಿಲ್ಲು ಎನ್ನುತ್ತಿತ್ತು.

ಆದರೆ ಅತಿ ಎಂದರೆ ಎಷ್ಟು? ಒಬ್ಬರಿಗೆ ನೋವಾದದ್ದು ಇನ್ನೊಬ್ಬರಿಗೆ ಬರೀ ಬಿಗಿತ. ಅದಕ್ಕಾಗಿ ಕುಬಸ ತೊಟ್ಟವರನ್ನೇ ಕೇಳಿ ಕಲಿಯುತ್ತಿತ್ತು. ಬೆಳಿಗ್ಗೆ ಒಂದು ಪ್ರಶ್ನೆ, ಈಜಿನ ನಂತರ ಒಂದು ಪ್ರಶ್ನೆ. ಉತ್ತರ ಬಂದ ಗಳಿಗೆಯಲ್ಲಿ ಸ್ನಾಯುಗಳು ಹೇಗಿದ್ದವು ಎಂಬುದನ್ನು ಉತ್ತರದ ಜೊತೆ ಸೇರಿಸಿ, ಆ ಭುಜದ್ದೇ ಆದ ನಕ್ಷೆಯೊಂದನ್ನು ಬರೆದುಕೊಳ್ಳುತ್ತಿತ್ತು. ಇಲ್ಲಿಯವರೆಗೆ ಸುಖ, ಇಲ್ಲಿಂದ ನೋವು ಎಂದು ಗಡಿ ಹಾಕಿಕೊಳ್ಳುತ್ತಿತ್ತು. ಆ ನಕ್ಷೆ ತೊಟ್ಟವರ ಸ್ವಂತದ್ದು. ಅವರು ಬಾಯಿಬಿಟ್ಟು ಹೇಳದೆ ಯಾರೂ ಅದನ್ನು ಅಳಿಸುವಂತಿರಲಿಲ್ಲ.

ದಾನೇಶ್ವರಿಯದು ಬಟರ್‌ಫ್ಲೈ ಈಜು. ಎರಡೂ ತೋಳು ಒಟ್ಟಿಗೆ ನೀರಿನಿಂದ ಎದ್ದು, ತಲೆಯ ಮೇಲಿಂದ ಹಾರಿ, ಮುಂದೆ ಬೀಳಬೇಕು. ಮೈ ಬಿಸಿಯಾದ ಮೇಲೆ ಅವಳು ಹಲ್ಲು ಕಚ್ಚಿ ಬಲಗೈಯನ್ನು ಹೇಗೋ ಬೀಸುತ್ತಿದ್ದಳು. ಹೋದ ವರ್ಷ ರಾಜ್ಯ ತಂಡ ಅವಳ ಬೆರಳ ತುದಿಯಷ್ಟು ದೂರದಲ್ಲಿ ತಪ್ಪಿತ್ತು. ಈ ಸಲ ಬಿಡಬಾರದೆಂದು ಕಾಲೇಜು ಬಿಟ್ಟಳು. ದೀಪಾವಳಿಗೆ ಮುಂಚೆ ಆಯ್ಕೆ. ಈಜಿನ ಹೊರತು ತನ್ನ ಕೈಯಲ್ಲಿ ಬೇರೇನೂ ಇಲ್ಲವೆಂಬುದು ಅವಳಿಗೆ ಗೊತ್ತಿತ್ತು. ಅದನ್ನು ಅವಳು ಯಾರೆದುರೂ ಆಡಿರಲಿಲ್ಲ.

* * *

ಕೇಂದ್ರದಲ್ಲಿ ಫಿಜಿಯೊಥೆರಪಿ ಮಾಡುತ್ತಿದ್ದವಳು ತಬಸ್ಸುಮ್ ನದಾಫ. ಅವಳು ದಾನೇಶ್ವರಿಯ ಹೆಗಲ ಮೇಲೆ ಬೆರಳಿಟ್ಟಳು, ತೆಗೆದಳು, ಮತ್ತೆ ಬೆರಳಿಟ್ಟಳು.

"ವಾದಿರಾಜ, ಇಲ್ಲೆ ಬಾ. ಈ ಸ್ನಾಯು ಕಲ್ಲಾಗೈತಿ. ನಿನ್ನ ಪರದೆ ಏನಂತೈತಿ?"

ಕುಬಸದ ಎಂಜಿನಿಯರ್ ವಾದಿರಾಜ ಕಟ್ಟಿ ಗಾಜಿನ ಗೋಡೆಯಾಚೆಯ ಕೋಣೆಯಿಂದಲೇ ಕೂಗಿದ. "ಹಸರು. ಛೊಲೊ ಹಸರು ಅದ. ನಮ್ಮ ಊರಿನ ನಕ್ಷಾದಷ್ಟು ಹಸರು ಎಲ್ಲೂ ಇಲ್ಲ, ಡಾಕ್ಟರ್. ಮೊನ್ನೆ ಮೀಟಿಂಗಿನ್ಯಾಗ ಚಪ್ಪಾಳೆ ಹೊಡದ್ರು!"

"ಅಲ್ಲೋ, ನನ್ನ ಬೆರಳಿಗೆ ಹಂಗ ಅನ್ನಸವಲ್ದು."

"ನಿಮ್ಮ ಬೆರಳು ಹೊರಗಿಂದ ಮುಟ್ಟತಾವ. ಇದು ಒಳಗಿಂದ ಕೇಳತದ. ಯಾರನ್ನ ನಂಬೂಣು?"

ತಬಸ್ಸುಮ್ ದಾನೇಶ್ವರಿಯ ಮುಖ ನೋಡಿದಳು. "ನೀನ ಹೇಳವಾ. ಹೆಂಗೈತಿ?"

"ಆರಾಮೈತ್ರಿ ಮ್ಯಾಡಂ."

ವಾದಿರಾಜ ನಕ್ಕ. ಅವನು ಹೆಮ್ಮೆಪಡುವುದಕ್ಕೆ ಕಾರಣವಿತ್ತು. ಕುಬಸ ಮೊದಲು ಬಂದಾಗ "ತಮ್ಮ ಭುಜದಲ್ಲಿ ನೋವಿನ ಅನುಭವ ಇದೆಯೇ?" ಎಂದು ಕೇಳುತ್ತಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕರು. ತೋಳಿನೊಳಗೆ ವಾರ್ತೆ ಓದುವವನು ಕೂತಿದ್ದಾನೆ ಎಂದರು. ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ವಾದಿರಾಜ ಯೋಚಿಸಿ, ಮಾಳಮಡ್ಡಿಯಲ್ಲಿದ್ದ ತನ್ನ ಸೋದರತ್ತೆಯನ್ನು ಕೂರಿಸಿಕೊಂಡು ಅವಳ ದನಿಯಲ್ಲಿ ಒಂದೇ ಮಾತು ಹಿಡಿದ: ಆರಾಮ ಇದ್ದೀ ಏನವಾ? ಅಂದಿನಿಂದ ಒಬ್ಬರೂ ಉತ್ತರ ತಪ್ಪಿಸಲಿಲ್ಲ. ನಕ್ಷೆಗಳು ಹಸಿರಾದವು. ಎಲ್ಲರಿಗಿಂತ ಹೆಚ್ಚು ಹಸಿರಾಗಿದ್ದ ದಾನೇಶ್ವರಿಯ ನಕ್ಷೆಯನ್ನು, ಬೇರೆ ಊರುಗಳ ಹೊಸ ಕುಬಸಗಳಿಗೆ ಮೊದಲ ಪಾಠವಾಗಿ ಕಳಿಸುವುದೆಂದು ತೀರ್ಮಾನವಾಗಿತ್ತು.

ಮರುದಿನ ಕೊಳದಲ್ಲಿ ಎರಡನೇ ಸಲ ಗೋಡೆ ಮುಟ್ಟಿ ತಿರುಗಿದಾಗ ದಾನೇಶ್ವರಿಯ ಎಡಗೈ ನೀರಿನಿಂದ ಎದ್ದಿತು, ಬಲಗೈ ಏಳಲಿಲ್ಲ. ಭುಜದೊಳಗೆ ಬಿಸಿ ಸೂಜಿಯೊಂದು ಉದ್ದಕ್ಕೆ ಹಾದುಹೋದಂತಾಯಿತು. ಬಾಯಿಗೆ ನೀರು ನುಗ್ಗಿತು. ಪಕ್ಕದ ಸಾಲಿನ ಹುಡುಗಿಯರು ಅವಳನ್ನು ದಡಕ್ಕೆ ತಂದರು. ಕುಬಸ ಬಿಗಿಯಲೇ ಇಲ್ಲ, ನಿಲ್ಲು ಎನ್ನಲಿಲ್ಲ. ಅದರ ಅಂಚಿನ ಗೆರೆ ಹೊಂಗೆ ಚಿಗುರಿನ ಹಾಗೆ ಹಸಿರಾಗಿತ್ತು.

ತಬಸ್ಸುಮ್ ಓಡಿ ಬಂದಳು. ದಾನೇಶ್ವರಿ ತೋಳನ್ನು ಹೊಟ್ಟೆಗೆ ಒತ್ತಿಕೊಂಡು ಕೂತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ತುಟಿ ಕಚ್ಚಿ ಹಿಡಿದಿದ್ದಳು. ಈಜು ಮುಗಿಯಿತೆಂದು ತಿಳಿದ ಕುಬಸ ಆಗ ತನ್ನ ಎರಡನೇ ಪ್ರಶ್ನೆ ಕೇಳಿತು.

"ಆರಾಮ ಇದ್ದೀ ಏನವಾ?"

"ಆರಾಮ್ರಿ," ಎಂದಳು ದಾನೇಶ್ವರಿ, ಬಿಕ್ಕುತ್ತ.

* * *

ಸ್ಕ್ಯಾನಿನಲ್ಲಿ ರಜ್ಜು ಹರಿದಿರಲಿಲ್ಲ. ಊದಿಕೊಂಡಿತ್ತು, ಅಂಚಿನಲ್ಲಿ ಹಳೆಯ ಹಗ್ಗದ ಹಾಗೆ ಎಳೆ ಬಿಟ್ಟಿತ್ತು. ದಾನೇಶ್ವರಿ ಕೇಂದ್ರದ ಕಡೆ ಬರಲಿಲ್ಲ. ಫೋನನ್ನೂ ಎತ್ತಲಿಲ್ಲ. ಭಾನುವಾರ ತಬಸ್ಸುಮ್ ತಾನೇ ಅವಳ ಮನೆ ಹುಡುಕಿಕೊಂಡು ಹೋದಳು.

ಅಪ್ಪ ಮೌನೇಶ ಬಡಿಗೇರ ಅಂಗಳದಲ್ಲಿ ಬಾಗಿಲೊಂದಕ್ಕೆ ಉಜ್ಜುಗೊರಡು ಹೊಡೆಯುತ್ತಿದ್ದ. ಕಾಳಮ್ಮ ಚಹಾ ಕೊಟ್ಟಳು, ಚುರಮುರಿಯ ಗಿರಮಿಟ್ ಕಲಸಿದಳು. ದಾನೇಶ್ವರಿ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು.

"ನಿನ್ನ ಬೈಯಾಕ ಬಂದಿಲ್ಲವಾ," ಎಂದಳು ತಬಸ್ಸುಮ್. "ಯಂತ್ರ ಎಲ್ಲೆ ತಪ್ಪಿತು ತಿಳೀವಲ್ದು. ಅದಕ್ಕ ಬಂದೇನಿ."

ಅಷ್ಟರಲ್ಲಿ ಎದುರು ಮನೆಯಿಂದ ಗಂಗವ್ವ ಆಯಿ ಬಂದಳು. ಒಂದು ಕಾಲಿಗೆ ಮೊಣಕಾಲವರೆಗೆ ಪ್ಲಾಸ್ಟರ್, ಕೈಯಲ್ಲಿ ಕೋಲು. ಹೊಸ್ತಿಲಿಗೆ ಬರುವಷ್ಟರಲ್ಲಿ ಮೂರು ಸಲ ದೇವರ ಹೆಸರು ಹಿಡಿದು ನರಳಿದಳು.

"ಬರ್ರಿ ಆಯಿ, ಆರಾಮ?" ಎಂದಳು ಕಾಳಮ್ಮ.

"ಆರಾಮವಾ. ನೀವೆಲ್ಲಾ ಆರಾಮ?"

"ಆರಾಮ್ರಿ."

"ಛೊಲೊ ಆತು," ಎಂದು ಗಂಗವ್ವ ಆಯಿ ಮಂಚದ ಮೇಲೆ ಕೂತಳು. "ಕಾಲು ಮುರದೈತಿ ನೋಡು."

ತಬಸ್ಸುಮ್‌ಗೆ ಚಹಾ ನೆತ್ತಿಗೇರಿತು. ಕೆಮ್ಮುತ್ತ, ನಗುತ್ತ ಬಟ್ಟಲನ್ನು ಕೆಳಗಿಟ್ಟಳು. ನಗು ಹಾಗೇ ನಿಂತುಹೋಯಿತು.

"ಆಯಿ, ಕಾಲು ಮುರದೈತಿ. ಮತ್ತ ಆರಾಮ ಅಂದ್ರೆಲ್ಲ?"

"ಅಕಿ ಕೇಳಿದಳು, ನಾ ಅಂದೆ."

"ಆರಾಮಿಲ್ಲ ಅನ್ನಬಹುದಿತ್ತು."

ಗಂಗವ್ವ ಆಯಿ ಅವಳನ್ನು ತೀರಾ ಎಳೆಯ ಮಗುವನ್ನು ನೋಡುವಂತೆ ನೋಡಿದಳು. "ಬಾಗಲಾದಾಗ ನಿಂತು ಅಕ್ಕರತಿಲೆ ಕೇಳಿದವ್ರಿಗೆ ಆರಾಮಿಲ್ಲ ಅಂತಾರೇನ ಯಾರರ? ಮದಲ ಆರಾಮ ಅನ್ನೂದು. ಆಮ್ಯಾಲೆ ಕೂತು ಕಾಲಿನ ಸುದ್ದಿ ಹೇಳೂದು. ನೀ ಯಾವ ಊರಾಕಿ?"

"ಇದ ಊರಾಕಿ ಆಯಿ," ಎಂದಳು ತಬಸ್ಸುಮ್ ಮೆಲ್ಲಗೆ. "ನಾನೂ ಹಂಗ ಅಂತೀನಿ. ದಿನಾ ಅಂತೀನಿ."

ಅವಳು ದಾನೇಶ್ವರಿಯ ಕಡೆ ತಿರುಗಿದಳು. ಯಂತ್ರ ಎಲ್ಲಿ ತಪ್ಪಿತೆಂದು ಈಗ ತಿಳಿಯಿತು. ಕುಬಸ 'ಆರಾಮ' ಎಂಬ ಮಾತು ಬಂದ ಕೂಡಲೇ ಕಿವಿ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಹೇಳುವ ಕಾಲಿನ ಸುದ್ದಿಗೆ ಅದು ಕಾಯುತ್ತಲೇ ಇರಲಿಲ್ಲ. ದಿನ ದಿನವೂ ಏರಿದ ನೋವಿನ ಮೇಲೆಲ್ಲ ಅದು ಸುಖವೆಂದು ಬರೆದುಕೊಂಡಿತ್ತು. ದಾನೇಶ್ವರಿಯ ಭುಜದಲ್ಲಿ ಮಾತ್ರವಲ್ಲ, ಆ ಕೊಳದಲ್ಲಿ ಈಜುವ ಎಲ್ಲರ ಭುಜದಲ್ಲೂ.

* * *

ವಾದಿರಾಜ ಪರದೆಯ ಮುಂದೆ ತಲೆಗೆ ಕೈಹೊತ್ತು ಕೂತ. "ನಮ್ಮತ್ತಿ ದನಿ! ಇಷ್ಟ ಪ್ರೀತಿಲೆ ಕೇಳ್ಯಾಳ, ಪಾಪ."

"ಪ್ರೀತಿಲೆ ಕೇಳಿದ್ದಕ್ಕ ಹಂಗಾತು," ಎಂದಳು ತಬಸ್ಸುಮ್. "ಪ್ರಶ್ನೆ ಬದಲ ಮಾಡು."

ಬದಲಿಸಿದರು. ಬಲಗೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ ಇಟ್ಟುಕೊಂಡು ದಾನೇಶ್ವರಿ ಎದುರಿಗೆ ಕೂತಳು.

"ನೋವು ಅದ ಏನು?" ಎಂದು ಕೇಳಿದ ವಾದಿರಾಜ.

"ಇಲ್ರಿ," ಎಂದುಬಿಟ್ಟಳು. ಆಮೇಲೆ ಜೋಳಿಗೆ ನೋಡಿಕೊಂಡು ತಾನೇ ನಕ್ಕಳು.

"ಒಂದರಿಂದ ಹತ್ತರೊಳಗ ಎಷ್ಟು?"

ಅವಳು ಎಡಗೈಯ ಬೆರಳು ಮಡಚುತ್ತ ಲೆಕ್ಕ ಹಾಕಿದಳು. "ಎಷ್ಟಂದ್ರ ಈಜಾಕ ಬಿಡ್ತೀರಿ?"

ತಬಸ್ಸುಮ್ ನಿಟ್ಟುಸಿರು ಬಿಟ್ಟಳು. ಗಾಜಿನಾಚೆ ಕೊಳದ ನೀಲಿ ಅಲುಗುತ್ತಿತ್ತು. ದಾನೇಶ್ವರಿ ಅದನ್ನೇ ನೋಡುತ್ತ ಹೇಳಿದಳು:

"ನಮ್ಮವ್ವ ಹಿಂಗ ಕೇಳಂಗಿಲ್ರಿ."

"ಮತ್ತ ಹೆಂಗ ಕೇಳ್ತಾಳ?"

"ಹಣಗಿ ಹಿಡಕೊಂಡು ಬಂದು, 'ಇವತ್ತ ಜಡಿ ನೀ ಹಾಕ್ಕೋತಿಯೋ, ನಾ ಹಾಕ್ಲ್ಯೋ' ಅಂತಾಳ್ರಿ."

"ಅದಕ್ಕ ನೀ ಏನಂತಿ?"

"ಕೈ ಎತ್ತಿ ನೋಡ್ತೀನ್ರಿ. ಆಗಲಿಲ್ಲಂದ್ರ, ನೀನ ಹಾಕವಾ ಅಂತೀನಿ." ಮತ್ತೆ ಸೇರಿಸಿದಳು, "ಅದಕ್ಕ ಸುಳ್ಳ ಹೇಳಾಕ ಬರಂಗಿಲ್ರಿ. ಜಡಿ ಬಿಚ್ಚಿದ್ದ ಇರತೈತಿ."

ವಾದಿರಾಜ ಕುರ್ಚಿಯಿಂದ ಎದ್ದ. ತಬಸ್ಸುಮ್ ಅವನನ್ನು ನೋಡಿದಳು. ಇಬ್ಬರಿಗೂ ಒಂದೇ ಸಲ ಹೊಳೆದಿತ್ತು. ಹೇಗಿದ್ದೀ ಎಂದು ಕೇಳಬಾರದು. ಕೈಯಿಂದ ಮಾಡಿ ತೋರಿಸುವುದನ್ನು ಕೇಳಬೇಕು, ಮತ್ತು ಅದು ಆಯಾ ಮನೆಯ ಮಾತೇ ಆಗಿರಬೇಕು.

"ಆದರ ಒಂದ್ ಮಾತು ಕೇಳು," ಎಂದು ವಾದಿರಾಜ ಮತ್ತೆ ಕೂತ. ಈಗ ಅವನ ದನಿ ಇಳಿದಿತ್ತು. "ಹಳೇ ನಕ್ಷಾ ಅಳಸಬೇಕು. ನೀ ಹೇಳಿದ್ರ ಅಷ್ಟ. ಅಳಸಿದ್ರ ಕುಬಸ ಮದಲಿಂದ ಕಲೀತದ. ಕಲಿಯೂತನಕ ನಿನ್ನ ಕೈ ತಲೀ ಮ್ಯಾಲೆ ಹೋಗಗೊಡೂದಿಲ್ಲ. ದೀಪಾವಳಿ..."

"ತಪ್ಪತೈತಿ," ಎಂದಳು ದಾನೇಶ್ವರಿ.

"ಅಳಸಲಿಲ್ಲಂದ್ರ?" ಎಂದು ತಾನೇ ಕೇಳಿದಳು, ತಬಸ್ಸುಮ್ ಕಡೆ ತಿರುಗಿ.

ತಬಸ್ಸುಮ್ ಸುತ್ತಿ ಬಳಸಲಿಲ್ಲ. "ಊತ ಇಳಿಯಾಕ ಒಂದು ಸೂಜಿ ಚುಚ್ಚಬಹುದು. ಕುಬಸ ಹಸರು ತೋರಸತೈತಿ. ಈಜಿದ್ರ ಈಜಬಹುದು. ಆ ರಜ್ಜು ಹರಿದ್ರ ಮಾತ್ರ ಆಮ್ಯಾಲೆ ನನ್ನ ಕೈಯಾಗ ಏನೂ ಇಲ್ಲವಾ."

ದಾನೇಶ್ವರಿ ಜೋಳಿಗೆ ಸರಿಮಾಡಿಕೊಂಡು ಮನೆಗೆ ಹೋದಳು.

* * *

ಊಟಕ್ಕೆ ಕೂತಾಗ ಅಪ್ಪನೇ ಮಾತು ತೆಗೆದ. ಮೌನೇಶ ಮಾತಿಗೆ ಮುಂಚೆ ರೊಟ್ಟಿ ಮುರಿದು ಪೂರ್ತಿ ಅಗಿದು ನುಂಗುವವನು.

"ಬಾಗಲಾ ಚೌಕಟ್ಟಿಗೆ ಉಜ್ಜಾಕತ್ತಿದ್ರ ಮಂದಿ ಏನ್ ಮಾಡ್ತಾರ ಗೊತ್ತೈತೇನು? ಜೋರ್ ದೂಡ್ತಾರ. ಮುಚ್ಚತೈತಿ, ಇಲ್ಲನ್ನಂಗಿಲ್ಲ. ನಾಕ ದಿನ ಮುಚ್ಚತೈತಿ. ಆಮ್ಯಾಲೆ ಬಿಜಾಗ್ರಿ ಕಿತಗೊಂಡು ಕೈಗೆ ಬರತೈತಿ."

"ಊಟ ಮಾಡಗೊಡ್ರಿ ಅಕೀಗೆ," ಎಂದಳು ಕಾಳಮ್ಮ.

"ಮಾಡ್ಲಿ. ನಾ ಬಾಗಲಾದ ಸುದ್ದಿ ಹೇಳಾಕತ್ತೀನಿ."

"ಅಪ್ಪಾ, ದೂಡಿದ್ರ ಈ ವರ್ಷ ಟೀಮಿನ್ಯಾಗ ಇರ್ತೀನಿ."

"ಹೂಂ. ಇರ್ತಿ."

ಅಷ್ಟೇ ಹೇಳಿ ಅವನು ಮತ್ತೊಂದು ರೊಟ್ಟಿ ಮುರಿದ. ಬೇಡ ಎಂದಿದ್ದರೆ ಅವಳು ಹಟ ಹಿಡಿಯುತ್ತಿದ್ದಳೇನೋ. ಅಪ್ಪ ಅನ್ನಲಿಲ್ಲ.

ಎಡಗೈಯಲ್ಲೇ ಬಟ್ಟಲು ತೊಳೆಯುವಾಗ ಅವಳಿಗೆ ತನ್ನ ನಕ್ಷೆ ಹೋಗಲಿದ್ದ ಬೇರೆ ಊರುಗಳ ನೆನಪಾಯಿತು. ನೋಡದ ಊರು, ನೋಡದ ಕೊಳ. ಅಲ್ಲಿ ಯಾರೋ ಒಬ್ಬಳು ಹೊಸ ಕುಬಸ ತೊಟ್ಟು ನೀರಿಗೆ ಇಳಿಯುತ್ತಾಳೆ. ಅವಳ ಭುಜ ಕಿರುಚುತ್ತಿರುತ್ತದೆ. ಅಂಚಿನ ಗೆರೆ ಹಸಿರಾಗಿರುತ್ತದೆ, ಇಲ್ಲಿ ಬಿಕ್ಕುತ್ತ ಹೇಳಿದ ಒಂದು ಆರಾಮಿನಿಂದ. ಆ ಹುಡುಗಿ ಪರದೆ ನೋಡಿ, ತನ್ನ ನೋವೇ ಸುಳ್ಳಿರಬೇಕು ಎಂದುಕೊಳ್ಳುತ್ತಾಳೆ. ದಾನೇಶ್ವರಿ ಎಷ್ಟೋ ಸಲ ಹಾಗೆ ಅಂದುಕೊಂಡಿದ್ದಳು.

ಬೆಳಿಗ್ಗೆ ಅವಳು ಅವ್ವನನ್ನು ಕರೆದುಕೊಂಡು ಕೇಂದ್ರಕ್ಕೆ ಹೋದಳು.

"ಅಳಸ್ರಿ," ಎಂದಳು. ಕುಬಸ ಮಾತು ಖಚಿತಪಡಿಸಿಕೊಳ್ಳಲು ಮತ್ತೆ ಕೇಳಿತು. "ಅಳಸು," ಎಂದಳು, ಈ ಸಲ ಗಟ್ಟಿಯಾಗಿ. ಪರದೆಯ ಮೇಲಿನ ಹಸಿರು ಹೊಲ ಪೂರ್ತಿ ಮಾಯವಾಗಿ ಬರೀ ಬಿಳಿ ಉಳಿಯಿತು. ವಾದಿರಾಜ ಬೇರೆ ಊರುಗಳಿಗೆ ಪಾಠ ಕಳಿಸುವುದನ್ನು ತಡೆದು, ಹಾಗೇಕೆ ಎಂದು ಮೇಲಿನವರಿಗೆ ವಿವರಿಸಲು ಫೋನ್ ಹಿಡಿದು ಹೊರಗೆ ಹೋದ. ಅರ್ಧ ಗಂಟೆ ಅವನು "ಇಲ್ರಿ, ಯಂತ್ರ ಕೆಟ್ಟಿಲ್ರಿ, ಅದು ಮರ್ಯಾದಿ ಪ್ರಶ್ನೆ" ಎನ್ನುತ್ತಿದ್ದುದು ಕೇಳಿಸುತ್ತಿತ್ತು.

ಕಾಳಮ್ಮ ದನಿ ಕೊಡಲು ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು: "ಈ ದಿವಸ ಜಡೆಯನ್ನು ತಾವು..."

"ಅವ್ವಾ!"

"ಮತ್ತ? ಯಂತ್ರದಾಗ ಹಂಗ ಮಾತಾಡಬೇಕಲ್ಲ?"

ನಾಲ್ಕು ಸಲ ಹೇಳಿದರೂ ಸರಿಬರಲಿಲ್ಲ. ಕೊನೆಗೆ ತಬಸ್ಸುಮ್ ತನ್ನ ಚೀಲದಿಂದ ಹಣಿಗೆಯೊಂದನ್ನು ತೆಗೆದು ಅವಳ ಕೈಗೆ ಕೊಟ್ಟಳು. ಕಾಳಮ್ಮ ಹಣಿಗೆ ಹಿಡಿದು, ಅಭ್ಯಾಸಬಲದಿಂದ ಮಗಳ ಹಿಂದೆ ಹೋಗಿ ನಿಂತಳು. ಮೈಕನ್ನು ಮರೆತಳು.

"ಇವತ್ತ ಜಡಿ ನೀ ಹಾಕ್ಕೋತಿಯೋ, ನಾ ಹಾಕ್ಲ್ಯೋ?"

ದಾನೇಶ್ವರಿ ಕೈ ಎತ್ತಲು ನೋಡಿದಳು. ಕೈ ಎದೆಯ ಎತ್ತರಕ್ಕೆ ಬಂದು ನಿಂತಿತು.

"ನೀನ ಹಾಕವಾ."

ಕುಬಸದ ಗೆರೆ ಮೊದಲ ಸಲ ಕೆಂಪಾಯಿತು. ಬಿಳಿ ಪರದೆಯ ಮೇಲೆ ಒಂದು ಸಣ್ಣ ಕೆಂಪು ಚುಕ್ಕೆ ಬಿತ್ತು. ತಬಸ್ಸುಮ್ ಅದನ್ನು ನೋಡಿ, "ಛೊಲೊ ಆತು. ಇಲ್ಲಿಂದ ಶುರು," ಎಂದಳು.

* * *

ದೀಪಾವಳಿ ಬಂದು ಹೋಯಿತು. ಆಯ್ಕೆಯಾದವರ ಹೆಸರುಗಳಲ್ಲಿ ದಾನೇಶ್ವರಿ ಬಡಿಗೇರ ಇರಲಿಲ್ಲ. ಆ ಹೆಸರುಗಳು ಹೊರಬಿದ್ದ ದಿನ ಅವಳು ಗೋಡೆಯ ಮೊಳೆಗೆ ಕಟ್ಟಿದ ರಬ್ಬರ್ ಪಟ್ಟಿಯನ್ನು ಎಳೆಯುತ್ತ, ಎಳೆದದ್ದನ್ನು ನಿಧಾನವಾಗಿ ಬಿಡುತ್ತ, ಮಧ್ಯಾಹ್ನವಿಡೀ ಕಳೆದಳು.

ತಬಸ್ಸುಮ್ ಮೊದಲು ಹೆಗಲ ಹಲಗೆಯನ್ನು ಅದರ ಜಾಗದಲ್ಲಿ ನಿಲ್ಲಿಸಲು ಕಲಿಸಿದಳು. ಆಮೇಲೆ ಪುಟ್ಟ ಸ್ನಾಯುಗಳ ಸರದಿ. ಅವು ತೀರಾ ಸಣ್ಣ ಕೆಲಸಗಳು, ನೋಡುವವರಿಗೆ ಆಟವೆನಿಸುವಂಥವು. ಮಂಡಿಯೂರಿ ಗೋಡೆ ತಳ್ಳುವುದು, ಮಡಚಿದ ಟವೆಲನ್ನು ಕಂಕುಳಲ್ಲಿ ಒತ್ತಿಕೊಂಡು ಮುಂಗೈ ತಿರುಗಿಸುವುದು. ತಡವಾದ ಸ್ನಾಯುವನ್ನು ಕುಬಸ ಮುಟ್ಟಿ ಎಬ್ಬಿಸುತ್ತಿತ್ತು. ಈಗ ಅದು ಸರಿಯಾದ ಹೊತ್ತಿಗೆ ಬಿಗಿಯುತ್ತಿತ್ತು, ಸರಿಯಾದ ಹೊತ್ತಿಗೆ ಬಿಡುತ್ತಿತ್ತು. ಬಿಳಿ ಪರದೆಯ ಮೇಲೆ ಕೆಂಪು, ಅರಿಸಿನ, ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕೆಗಳು ಸೇರಿ ನಕ್ಷೆಯೊಂದು ಬೆಳೆಯಿತು. ಹಳೆಯದರಷ್ಟು ಚೆಂದವಾಗಿರಲಿಲ್ಲ ಅದು. ಕಲೆ ಬಿದ್ದ ಗೋಡೆಯ ಹಾಗಿತ್ತು.

ಕೊಳದಲ್ಲಿ ಎಲ್ಲ ಕುಬಸಗಳ ಮಾತೂ ಬದಲಾಯಿತು. ಒಬ್ಬನದು ಅವನ ಅಕ್ಕನ ದನಿಯಲ್ಲಿ, "ಬನೀನ ನೀನ ಕಳೀತಿಯೋ, ಕತ್ತರಿ ತರ್ಲ್ಯೋ?" ಎನ್ನುತ್ತಿತ್ತು. ಇನ್ನೊಬ್ಬಳದು ಅಜ್ಜಿಯ ದನಿಯಲ್ಲಿ, "ಮ್ಯಾಲಿನ ಮಾಡದಾಗಿನ ಬೆಲ್ಲದ ಡಬ್ಬಿ ಕೈಗೆ ಸಿಗತೈತೇನ?" ಎಂದು ಕೇಳುತ್ತಿತ್ತು. ಬಟ್ಟೆ ಬದಲಿಸುವ ಕೋಣೆ ಬೆಳಿಗ್ಗೆ ಎಂಟು ಹತ್ತು ಮನೆಗಳ ಅಡುಗೆಮನೆ ಒಂದೇ ಕಡೆ ಸೇರಿದಂತೆ ಗದ್ದಲವೋ ಗದ್ದಲ. ವಾದಿರಾಜನ ಅತ್ತೆಗೆ ಮಾತ್ರ ತನ್ನ ದನಿ ತೆಗೆದದ್ದಕ್ಕೆ ಸಿಟ್ಟು ಬಂದಿತ್ತು. ಅವಳನ್ನು ಸಮಾಧಾನ ಮಾಡಲು ಅವನು ಕೇಂದ್ರದ ಬಾಗಿಲಿಗೆ ಆ ಮಾತನ್ನು ಹಾಕಿಸಿದ. ಒಳಗೆ ಕಾಲಿಟ್ಟವರನ್ನೆಲ್ಲ ಬಾಗಿಲು, "ಆರಾಮ ಇದ್ದೀ ಏನವಾ?" ಎಂದು ಕೇಳುತ್ತಿತ್ತು. ಎಲ್ಲರೂ ಆರಾಮ್ರಿ ಎನ್ನುತ್ತಿದ್ದರು, ಕುಂಟುತ್ತ ಒಳಗೆ ಬರುತ್ತಿದ್ದರು.

ಬೇಸಿಗೆ ಶುರುವಾದ ಒಂದು ಬೆಳಿಗ್ಗೆ ಕಾಳಮ್ಮ ಹಣಿಗೆ ಹಿಡಿದು ಬಂದಳು. ಅವಳು ಬಾಯಿ ತೆರೆಯುವ ಮುಂಚೆಯೇ ಕುಬಸ ಅವಳ ದನಿಯಲ್ಲಿ ಕೇಳಿತು.

"ಇವತ್ತ ಜಡಿ ನೀ ಹಾಕ್ಕೋತಿಯೋ, ನಾ ಹಾಕ್ಲ್ಯೋ?"

ದಾನೇಶ್ವರಿ ಕೈ ಎತ್ತಿದಳು. ಅದು ಎದೆ ದಾಟಿತು, ಕಿವಿ ದಾಟಿತು, ತಲೆಯ ಹಿಂದೆ ಹೋಗಿ ಎಡಗೈಯ ಬೆರಳುಗಳನ್ನು ಮುಟ್ಟಿತು. ಅಲ್ಲೇ ಸ್ವಲ್ಪ ಹೊತ್ತು ಇರಿಸಿಕೊಂಡು, ಇಳಿಸಿ, ಮತ್ತೊಮ್ಮೆ ಎತ್ತಿ ನೋಡಿದಳು.

"ನಾನ ಹಾಕ್ಕೋತೀನವಾ."

ಕಾಳಮ್ಮ ಹಣಿಗೆ ಕೊಟ್ಟಳು. ಖುಷಿಯ ಜೊತೆ ಕೈ ಬರಿದಾದದ್ದು ಅವಳಿಗೆ ಒಂದು ಥರ ಅನಿಸಿತು. ಮಗಳು ಹೆಣೆದ ಜಡೆ ಒಂದು ಕಡೆ ವಾಲಿತ್ತು.

"ಥೂ, ಎಮ್ಮಿ ಬಾಲ ಆಗೈತಿ," ಎಂದಳು. ಬಿಚ್ಚಿ ಹಾಕಲು ಹೋಗಲಿಲ್ಲ.

ಅಂದು ಬಹಳ ದಿನಗಳ ಮೇಲೆ ಬಟರ್‌ಫ್ಲೈ ಈಜು. ಕೊಳದ ಒಂದು ಉದ್ದ ಮಾತ್ರ ಎಂದಿದ್ದಳು ತಬಸ್ಸುಮ್. ಮುಂದಿನ ಆಯ್ಕೆಗೆ ಇನ್ನೂ ಮಳೆಗಾಲ ಕಳೆಯಬೇಕಿತ್ತು. ಚೀಲವನ್ನು ಎಡ ಹೆಗಲಿಗೆ ಹಾಕಿಕೊಂಡು ದಾನೇಶ್ವರಿ ಹೊರಬಿದ್ದಳು. ಎದುರು ಮನೆಯ ಕಟ್ಟೆಯ ಮೇಲೆ ಗಂಗವ್ವ ಆಯಿ ಎಲುಬು ಕೂಡಿದ ಕಾಲನ್ನು ಬಿಸಿಲಿಗೆ ಚಾಚಿ ಕೂತಿದ್ದಳು.

"ಆರಾಮ ಅದಿಯೇನ ಯವ್ವಾ?"

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ದಾನೇಶ್ವರಿ ನಿಂತಳು. ಚೀಲ ಕೆಳಗಿಟ್ಟಳು.

"ತಡಿ ಆಯಿ, ನೋಡಿ ಹೇಳ್ತೀನಿ," ಎಂದು ನಡುಬೀದಿಯಲ್ಲಿ ಎರಡೂ ಕೈಗಳನ್ನು ಅಗಲಕ್ಕೆ ಚಾಚಿ, ತಲೆಯ ಮೇಲಿಂದ ಒಂದು ದೊಡ್ಡ ಸುತ್ತು ತಿರುಗಿಸತೊಡಗಿದಳು.

ಗಂಗವ್ವ ಆಯಿ ಹಣೆಗೆ ಕೈ ಅಡ್ಡ ಹಿಡಿದು ಕಾದಳು.